ಸಂಸಾರದ ಹಳೆ ಕಾರಿಗೆ ಡೀಸೆಲ್ ಇಂಜಿನ್ ಬೇಡ

ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಾಗಲಿ, ಮನೆಗೊಂದು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಬೇಕೆಂದು ಬಾಯಿ ಬಿಟ್ಟರೆ ಸಾಕು, ನಾಲ್ಕೂ ದಿಕ್ಕಿನಿಂದ ಒಂದೇ ಸಲಹೆ ಬರುತ್ತದೆ: "ಡೀಸೆಲ್ ಗಾಡೀನ ತಗೋರಿ. ಆವರೇಜ್ ಛಲೋ ಕೊಡ್ತದ, ಇಂಜಿನ್ ಗಟ್ಟಿ, ಮಾರಾಕ ಹೋದ್ರೂ ರೇಟ್ ಬರ್ತದ." ಬೀಗರು ಇದನ್ನೇ ಹೇಳುತ್ತಾರೆ, ಗಾಡಿ ತೋರಿಸುವ ಏಜೆಂಟ್ ಇದನ್ನೇ ಹೇಳುತ್ತಾನೆ, ಗ್ಯಾರೇಜಿನ ಮಿಸ್ತ್ರಿಯೂ ತಲೆ ಆಡಿಸುತ್ತಾನೆ. ಸಂಜೆಯೊಳಗೆ ಡಿಸೈರೋ ಇಟಿಯೋಸೋ ಇಂಡಿಗೊವೋ ಒಂದು ಹಳೆಯ ಡೀಸೆಲ್ ಸೆಡಾನ್‌ಗೆ ಮುಂಗಡ ಕೊಟ್ಟಾಗಿರುತ್ತದೆ.

ಸಲಹೆ ಕೊಟ್ಟವರಲ್ಲಿ ಬಹಳಷ್ಟು ಜನ ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ. ಆದರೂ ಈ ಸಲಹೆ ತಪ್ಪು. ಹತ್ತು-ಹದಿನೈದು ವರ್ಷ ಹಳೆಯ ಕಾರು ಕೊಳ್ಳುವ, ತಿಂಗಳಿಗೆ ಸಾವಿರ ಕಿಲೋಮೀಟರ್ ಕೂಡ ಓಡಿಸದ ಮನೆಗೆ ಡೀಸೆಲ್ ಇಂಜಿನ್ ನಷ್ಟದ ಬಾಬತ್ತು. ಅಂಥ ಮನೆಗೆ ಪೆಟ್ರೋಲ್ ಗಾಡಿಯೇ ಸರಿ. ಡೀಸೆಲ್ ಮೇಲಿನ ನಮ್ಮ ನಂಬಿಕೆ ಎರಡು ಸಂಗತಿಗಳಿಂದ ಹುಟ್ಟಿತ್ತು. ಒಂದು, ಡೀಸೆಲ್ ಬಹಳ ಅಗ್ಗವಾಗಿತ್ತು. ಇನ್ನೊಂದು, ಡೀಸೆಲ್ ಇಂಜಿನ್ ಸರಳವಾಗಿತ್ತು. ಈಗ ಎರಡೂ ಇಲ್ಲ. ನಂಬಿಕೆ ಮಾತ್ರ ಉಳಿದುಕೊಂಡು ಸಣ್ಣ ಸಂಸಾರಗಳ ಕಿಸೆ ಖಾಲಿ ಮಾಡುತ್ತಿದೆ.

ಮೊದಲು ಅಗ್ಗದ ಮಾತು. ಪೆಟ್ರೋಲ್ ದರದ ಮೇಲಿನ ಸರ್ಕಾರಿ ಹಿಡಿತ 2010ರ ಜೂನ್‌ನಲ್ಲಿ ಹೋಯಿತು. ಡೀಸೆಲ್ ಮೇಲಿನದು 2014ರ ಅಕ್ಟೋಬರ್‌ವರೆಗೆ ಉಳಿಯಿತು. ಈ ನಾಲ್ಕು ವರ್ಷಗಳಲ್ಲೇ ಡೀಸೆಲ್ ಕಾರಿನ ಹುಚ್ಚು ಊರೂರಿಗೆ ಹಬ್ಬಿದ್ದು. 2012ರ ಮೇ ಕೊನೆಗೆ ದಿಲ್ಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ ದಾಟಿತ್ತು, ಡೀಸೆಲ್ 41 ರೂಪಾಯಿ ಮುಟ್ಟಿರಲಿಲ್ಲ. ಲೀಟರಿಗೆ 32 ರೂಪಾಯಿ ಅಂತರ! ಡೀಸೆಲ್ ಗಾಡಿ ಲೀಟರಿಗೆ 19 ಕಿಲೋಮೀಟರ್, ಪೆಟ್ರೋಲ್ ಗಾಡಿ 15 ಕಿಲೋಮೀಟರ್ ಓಡುತ್ತದೆ ಎಂದು ಹಿಡಿದರೆ, ನೂರು ರೂಪಾಯಿ ಪೆಟ್ರೋಲ್ ಸುಡುವ ದಾರಿಯನ್ನು ಆಗ 44 ರೂಪಾಯಿ ಡೀಸೆಲ್‌ನಲ್ಲಿ ಮುಗಿಸಬಹುದಿತ್ತು. ಅಂಥ ದಿನಗಳಲ್ಲಿ ಡೀಸೆಲ್ ಕೊಂಡವರನ್ನು ತಪ್ಪು ಎನ್ನಲಾಗದು.

ಈಗ ಆ ಅಂತರ ಕರಗಿದೆ. ಕರ್ನಾಟಕ ಸರ್ಕಾರ 2024ರ ಜೂನ್‌ನಲ್ಲಿ ಪೆಟ್ರೋಲ್, ಡೀಸೆಲ್ ಎರಡರ ಮಾರಾಟ ತೆರಿಗೆಯನ್ನೂ ಏರಿಸಿತು. 2025ರ ಏಪ್ರಿಲ್ 1ರಿಂದ ಡೀಸೆಲ್ ತೆರಿಗೆಯನ್ನು ಮತ್ತೊಮ್ಮೆ ಏರಿಸಿತು, ಒಂದೇ ದಿನಕ್ಕೆ ಲೀಟರಿಗೆ ಎರಡು ರೂಪಾಯಿ ಹೆಚ್ಚಾಯಿತು. ಲೆಕ್ಕಕ್ಕೆ ಪೆಟ್ರೋಲ್ 104 ರೂಪಾಯಿ, ಡೀಸೆಲ್ 92 ರೂಪಾಯಿ ಎಂದಿಟ್ಟುಕೊಳ್ಳೋಣ. ಹಿಂದೆ 44 ರೂಪಾಯಿಗೆ ಮುಗಿಯುತ್ತಿದ್ದ ದಾರಿಗೆ ಈಗ 70 ರೂಪಾಯಿ ಬೇಕು. ಉಳಿತಾಯ ಪೂರ್ತಿ ಹೋಗಿಲ್ಲ ನಿಜ. ಆದರೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತಿದ್ದಲ್ಲಿ ಈಗ ಮೂರನೇ ಒಂದು ಪಾಲೂ ಉಳಿಯುವುದಿಲ್ಲ. ಅಷ್ಟೇ ಅಲ್ಲ, ಅಂದು ಕೊಂಡದ್ದು ವಾರಂಟಿ ಇದ್ದ ಹೊಸ ಗಾಡಿ. ಇಂದು ಕೊಳ್ಳುತ್ತಿರುವುದು ಅದೇ ಗಾಡಿ, ಹನ್ನೆರಡು ವರ್ಷ ದುಡಿದ ಮೇಲೆ.

ಡೀಸೆಲ್ ಅಗ್ಗವಾಗಿದ್ದದ್ದು ಯಾರಿಗಾಗಿ ಎಂಬುದನ್ನೂ ನೆನಪಿಡಬೇಕು. ಅದು ಟ್ರ್ಯಾಕ್ಟರಿಗೆ, ಪಂಪ್‌ಸೆಟ್ಟಿಗೆ, ಬಸ್ಸಿಗೆ, ಲಾರಿಗೆ ಎಂದು ಇಟ್ಟ ದರ. ಮುಂಡರಗಿ ಕಡೆಯ ರೈತ ತುಂಗಭದ್ರೆಯ ದಂಡೆಯಲ್ಲಿ ನೀರೆತ್ತಲಿ, ಗದಗಿನ ಎಪಿಎಂಸಿಗೆ ಮೆಣಸಿನಕಾಯಿ, ಉಳ್ಳಾಗಡ್ಡಿ ತರುವ ಲಾರಿಯ ಬಾಡಿಗೆ ಏರದಿರಲಿ ಎಂದು ಸರ್ಕಾರ ನಷ್ಟ ಹೊತ್ತಿತು. ಆ ಹಣದ ಒಂದು ಪಾಲು ಕಾರುಗಳ ಟ್ಯಾಂಕಿಗೆ ಹೋಯಿತು. ಕಿರೀಟ್ ಪಾರಿಖ್ ನೇತೃತ್ವದ ಸಮಿತಿ 2010ರಲ್ಲಿ ಕೊಟ್ಟ ವರದಿಯಲ್ಲಿ ಡೀಸೆಲ್ ಕಾರುಗಳ ಮೇಲೆ 80,000 ರೂಪಾಯಿ ಹೆಚ್ಚುವರಿ ಅಬಕಾರಿ ಸುಂಕ ಹಾಕಬೇಕೆಂದು ಶಿಫಾರಸು ಮಾಡಿದ್ದು ಇದೇ ಕಾರಣಕ್ಕೆ. ರೈತನ ಹೆಸರಿನ ಅಗ್ಗದ ದರದಿಂದ ಕಾರಿನವರಿಗೆ ಬಂದ ಲಾಭವನ್ನು ಇಂಜಿನ್ನಿನ ಗುಣವೆಂದು ನಾವು ಕೊಂಡಾಡಿದೆವು. ದರ ಸರಿಹೋದ ಮೇಲೆ ಆ ಗುಣವೂ ಕಾಣದಾಯಿತು.

ಇನ್ನು ಎರಡನೆಯದು, "ಇಂಜಿನ್ ಗಟ್ಟಿ" ಎಂಬ ಮಾತು. ನಮ್ಮ ಕಡೆ ಈ ಮಾತಿಗೆ ಬೇರು ಆಳವಾಗಿದೆ. ಡೀಸೆಲ್ ಅಂಬಾಸಿಡರ್, ಟ್ರ್ಯಾಕ್ಟರ್, ಟೆಂಪೊ, ಆಮೇಲೆ 1405 ಸಿಸಿಯ ಟಾಟಾ ಇಂಡಿಕಾ, 2002ರಲ್ಲಿ ಬಂದ ಇಂಡಿಗೊ: ಇವುಗಳ ಮೊದಮೊದಲ ಇಂಜಿನ್ನುಗಳಲ್ಲಿ ಮೈಕೊ ಪಂಪಿನಂಥ ಯಾಂತ್ರಿಕ ಪಂಪ್ ಇರುತ್ತಿತ್ತು. ಸದ್ದು ಜಾಸ್ತಿ, ಹೊಗೆ ಜಾಸ್ತಿ, ಆದರೆ ಪಾನಾ-ಪಕ್ಕಡ್ ಹಿಡಿದ ಮಿಸ್ತ್ರಿ ರಸ್ತೆ ಬದಿಯಲ್ಲೇ ಬಿಚ್ಚಿ ಜೋಡಿಸಬಹುದಿತ್ತು. ಡೀಸೆಲ್ ಒಳ್ಳೆಯದು ಎನ್ನುವಾಗ ನಮ್ಮ ಹಿರಿಯರ ಮನಸ್ಸಿನಲ್ಲಿರುವುದು ಈ ಇಂಜಿನ್.

ಇಂದು ಮಾರುಕಟ್ಟೆಯಲ್ಲಿ ಸಿಗುವುದು ಅದಲ್ಲ. 2008ರಲ್ಲಿ ಬಂದ ಸ್ವಿಫ್ಟ್ ಡಿಸೈರ್‌ನಲ್ಲಿರುವುದು ಫಿಯಟ್‌ನ 1248 ಸಿಸಿ ಮಲ್ಟಿಜೆಟ್. ಇದೇ ಇಂಜಿನ್ ಟಾಟಾ ಮಾಂಝಾದಲ್ಲಿದೆ, ಫಿಯಟ್ ಲಿನಿಯಾದಲ್ಲಿದೆ. 2011ರಲ್ಲಿ ಬಂದ ಡೀಸೆಲ್ ಇಟಿಯೋಸ್‌ನಲ್ಲಿ 1364 ಸಿಸಿಯ ಡಿ-4ಡಿ ಇದೆ. ಇವೆಲ್ಲ ಕಾಮನ್ ರೇಲ್ ಇಂಜಿನ್ನುಗಳು, ಎಲ್ಲವಕ್ಕೂ ಟರ್ಬೊ ಇದೆ, ಎಲ್ಲವನ್ನೂ ಕಂಪ್ಯೂಟರ್ ನಡೆಸುತ್ತದೆ. ಪಂಪ್ ಡೀಸೆಲ್ಲನ್ನು ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಒತ್ತುತ್ತದೆ, ಇಂಜೆಕ್ಟರ್ ಬಹಳ ಸಣ್ಣ ತೂತುಗಳಿಂದ ಅದನ್ನು ಸಿಂಪಡಿಸುತ್ತದೆ. ಟರ್ಬೊ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದೇ ಡಿಸೈರ್‌ನ ಪೆಟ್ರೋಲ್ ಇಂಜಿನ್ನಿನಲ್ಲಿ ಇಂಜೆಕ್ಟರಿಗೆ ಬರುವ ಒತ್ತಡ ಮೂರು-ನಾಲ್ಕು ಬಾರ್ ಮಾತ್ರ. ಟರ್ಬೊ ಇಲ್ಲ, ಹೈ ಪ್ರೆಷರ್ ಪಂಪ್ ಇಲ್ಲ. ಹೊಸದಾಗಿದ್ದಾಗ ಮಲ್ಟಿಜೆಟ್ ಉತ್ತಮ ಇಂಜಿನ್ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹಳೆಯದಾದಾಗ ಕೆಡಬಹುದಾದ ದುಬಾರಿ ಸಾಮಾನು ಯಾವುದರಲ್ಲಿ ಹೆಚ್ಚು? ಈ ಪ್ರಶ್ನೆಗೆ ಒಂದೇ ಉತ್ತರ.

ಅನುಮಾನವಿದ್ದವರು ಗ್ಯಾರೇಜಿನಲ್ಲಿ ನಿಂತು ಇಂಜೆಕ್ಟರ್ ಪರೀಕ್ಷೆ ನೋಡಬೇಕು. ಮಿಸ್ತ್ರಿ ಇಂಜಿನ್ನಿನ ಮೇಲಿನ ಕವರ್ ತೆಗೆದು, ನಾಲ್ಕೂ ಇಂಜೆಕ್ಟರಿನ ತಲೆಯಿಂದ ರಿಟರ್ನ್ ಪೈಪ್ ಕಿತ್ತು, ಅಲ್ಲಿಂದ ನಾಲ್ಕು ಸಣ್ಣ ನಳಿಕೆಗಳನ್ನು ನಾಲ್ಕು ಪ್ಲಾಸ್ಟಿಕ್ ಬಾಟಲಿಗೆ ಬಿಡುತ್ತಾನೆ. ಗಾಡಿ ಸ್ಟಾರ್ಟ್ ಮಾಡಿ ಕೆಲವು ನಿಮಿಷ ಐಡ್ಲಿಂಗ್‌ನಲ್ಲಿ ಬಿಡುತ್ತಾನೆ. ಮೂರು ಬಾಟಲಿಯಲ್ಲಿ ತಳ ಮುಚ್ಚುವಷ್ಟು ಡೀಸೆಲ್ ಬಂದು, ನಾಲ್ಕನೆಯದು ಅರ್ಧ ತುಂಬಿದರೆ ಆ ಇಂಜೆಕ್ಟರ್ ಸವೆದಿದೆ ಎಂದರ್ಥ. ಬೆಳಗಿನ ಚಳಿಗೆ ಗಾಡಿ ಹಿಡಿಯದಿದ್ದುದು, ಐಡ್ಲಿಂಗ್‌ನಲ್ಲಿ ಗಡಗಡ ನಡುಗಿದ್ದು, ಏರಿನಲ್ಲಿ ಕಪ್ಪು ಹೊಗೆ ಕಾರಿದ್ದು, ಎಲ್ಲಕ್ಕೂ ಕಾರಣ ಆ ಬಾಟಲಿಯಲ್ಲಿ ಕಾಣುತ್ತದೆ. ಅದನ್ನು ಬಿಚ್ಚಿ ರಿಪೇರಿಗೆ ಹುಬ್ಬಳ್ಳಿಗೆ ಕಳಿಸಬೇಕಾಗಬಹುದು. ಒಂದು ಇಂಜೆಕ್ಟರ್ ಸವೆದ ಗಾಡಿಯಲ್ಲಿ ಉಳಿದ ಮೂರೂ ಅಷ್ಟೇ ದೂರ ಓಡಿರುತ್ತವೆ. ನಾಲ್ಕೂ ಹೊಸದು ಹಾಕಿಸಿದರೆ ಹತ್ತಾರು ಸಾವಿರದ ಮಾತು. ಅದರ ಜೊತೆಗೆ ಟರ್ಬೊ ಎಣ್ಣೆ ಬಿಡತೊಡಗಿದರೆ ಮತ್ತೊಂದು ದೊಡ್ಡ ಬಿಲ್ಲು.

ಹಳ್ಳಿ ಸಂಬಂಧ ಇರುವ ಮನೆಗಳಲ್ಲಿ ಇನ್ನೊಂದು ಅಪಾಯವಿದೆ. ಟ್ರ್ಯಾಕ್ಟರಿಗೆಂದು ಬ್ಯಾರಲ್ಲಿನಲ್ಲಿ ತಂದಿಟ್ಟ ಡೀಸೆಲ್ಲನ್ನೇ ಕ್ಯಾನಿನಲ್ಲಿ ಹಿಡಿದು ಕಾರಿಗೂ ಸುರಿಯುತ್ತಾರೆ. ಬ್ಯಾರಲ್ಲಿನ ತಳದ ನೀರು, ತುಕ್ಕು, ಧೂಳು ಹಳೆಯ ಟ್ರ್ಯಾಕ್ಟರಿನಲ್ಲಿ ಹೇಗೋ ನಡೆದುಹೋಗುತ್ತಿತ್ತು. ಕಾಮನ್ ರೇಲ್ ಪಂಪು ಅದನ್ನು ತಡೆಯುವುದಿಲ್ಲ. ನೀರು ಸೇರಿದ ಡೀಸೆಲ್‌ನಿಂದ ಪಂಪ್ ತಿಕ್ಕಿಹೋದರೆ ಅದರ ಲೋಹದ ಪುಡಿ ಇಂಜೆಕ್ಟರಿನವರೆಗೂ ಹೋಗಿ ಎಲ್ಲವನ್ನೂ ಕೆಡಿಸುತ್ತದೆ.

ಈಗ ಮನೆಯ ಓಡಾಟದ ಲೆಕ್ಕ ಹಾಕೋಣ. ಗದಗಿನಲ್ಲಿರುವ ಸಂಸಾರ ಒಂದನ್ನು ತೆಗೆದುಕೊಳ್ಳಿ. ಬೆಟಗೇರಿಯಿಂದ ಮುಳಗುಂದ ನಾಕಾ, ಸ್ಟೇಷನ್ ರೋಡ್, ಮಕ್ಕಳ ಸಾಲಿ, ಸಂತಿ ಎಂದು ದಿನಕ್ಕೆ ಆರೇಳು ಕಿಲೋಮೀಟರ್, ತಿಂಗಳಿಗೆ 200. ಹುಬ್ಬಳ್ಳಿಗೆ 58 ಕಿಲೋಮೀಟರ್. ದವಾಖಾನಿಗೋ ಬಟ್ಟೆ ಖರೀದಿಗೋ ತಿಂಗಳಿಗೆ ಎರಡು ಸಲ ಹೋಗಿಬಂದರೆ 232. ಲಕ್ಷ್ಮೇಶ್ವರ, ಮುಂಡರಗಿ ಎರಡೂ ಸುಮಾರು 40 ಕಿಲೋಮೀಟರ್. ಮದುವೆ, ಜಾತ್ರೆ, ಬೀಗತನಕ್ಕೆಂದು ಮೂರು ಸಲ ಹೋಗಿಬಂದರೆ 240. ಒಟ್ಟು ತಿಂಗಳಿಗೆ 670ರ ಹತ್ತಿರ, ವರ್ಷಕ್ಕೆ 8,000. ಇದು ಕಡಿಮೆ ಓಡಾಟವೇನಲ್ಲ. ಬಹಳಷ್ಟು ಮನೆಗಳಲ್ಲಿ ಇದರ ಅರ್ಧವೂ ಇರುವುದಿಲ್ಲ, ವಾರವಿಡೀ ಗಾಡಿ ಮನೆ ಮುಂದೆ ಕವರ್ ಹೊದ್ದು ನಿಂತಿರುತ್ತದೆ.

ಮೇಲಿನ ದರದಲ್ಲಿ ಪೆಟ್ರೋಲ್ ಗಾಡಿಗೆ ಕಿಲೋಮೀಟರಿಗೆ 6 ರೂಪಾಯಿ 93 ಪೈಸೆ, ಡೀಸೆಲ್ ಗಾಡಿಗೆ 4 ರೂಪಾಯಿ 84 ಪೈಸೆ. ಅಂತರ 2 ರೂಪಾಯಿ 9 ಪೈಸೆ. ವರ್ಷಕ್ಕೆ 8,000 ಕಿಲೋಮೀಟರಿಗೆ ಉಳಿಯುವುದು ಸುಮಾರು 16,700 ರೂಪಾಯಿ. ಅದೇ ವರ್ಷದ, ಅದೇ ಸ್ಥಿತಿಯ ಪೆಟ್ರೋಲ್ ಗಾಡಿಗಿಂತ ಡೀಸೆಲ್ ಗಾಡಿಗೆ ಏಜೆಂಟ್ 60,000 ರೂಪಾಯಿ ಹೆಚ್ಚು ಕೇಳಿದ ಎಂದುಕೊಳ್ಳಿ. ಆ ಹೆಚ್ಚಿನ ಹಣ ವಾಪಸು ಬರಲು ಮೂರೂವರೆ ವರ್ಷ ಬೇಕು. ಆ ಮೂರೂವರೆ ವರ್ಷದಲ್ಲಿ ಇಂಜೆಕ್ಟರ್ ಕೆಡಬಾರದು, ಟರ್ಬೊ ಹೋಗಬಾರದು, ಟೈಮಿಂಗ್ ಚೈನ್ ಸಡಿಲಾಗಬಾರದು. ಹನ್ನೆರಡು ವರ್ಷದ ಗಾಡಿಯಿಂದ ಇಷ್ಟು ಬಯಸುವುದು ಜೂಜು. ಒಂದು ದೊಡ್ಡ ಬಿಲ್ಲು ಬಂದರೂ ಎರಡು-ಮೂರು ವರ್ಷದ ಉಳಿತಾಯ ಒಂದೇ ದಿನದಲ್ಲಿ ಹೋಗುತ್ತದೆ. ಅಷ್ಟರಲ್ಲಿ ಗಾಡಿಗೆ ಹದಿನೈದು ವರ್ಷ ತುಂಬಿ ಆರ್‌ಸಿ ನವೀಕರಣದ ಹೊತ್ತು ಬಂದಿರುತ್ತದೆ. 2022ರ ಏಪ್ರಿಲ್‌ನಿಂದ ಕಾರಿನ ಮರುನೋಂದಣಿಗೆ ಕೇಂದ್ರ ನಿಗದಿ ಮಾಡಿದ ಶುಲ್ಕವೇ 5,000 ರೂಪಾಯಿ, ಮೊದಲು 600 ಇತ್ತು. ಹೊಗೆ ಪರೀಕ್ಷೆಯಲ್ಲಿ ಪಾಸಾಗದ ಡೀಸೆಲ್ ಗಾಡಿ ಮತ್ತೆ ಇಂಜೆಕ್ಟರ್ ಕೆಲಸಕ್ಕೇ ಹೋಗಿ ನಿಲ್ಲುತ್ತದೆ.

"ಆವರೇಜ್" ಎಂಬ ಮಾತಿನಲ್ಲೂ ಒಂದು ಮೋಸವಿದೆ. 2012ರ ಡಿಸೈರ್‌ಗೆ ಪ್ರಯೋಗಾಲಯದ ಅಳತೆಯಲ್ಲಿ ಡೀಸೆಲ್‌ನಲ್ಲಿ 23.4, ಪೆಟ್ರೋಲ್‌ನಲ್ಲಿ 19.1 ಎಂದಿತ್ತು. ಹುಬ್ಬಳ್ಳಿ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋದರೆ ಡೀಸೆಲ್ ತನ್ನ ಗುಣ ತೋರಿಸೀತು. ಊರೊಳಗಿನ ಎರಡು-ಮೂರು ಕಿಲೋಮೀಟರ್ ಓಡಾಟದಲ್ಲಿ ಇಂಜಿನ್ ಬಿಸಿಯೇ ಆಗಿರುವುದಿಲ್ಲ, ಅಷ್ಟರಲ್ಲಿ ಆಫ್ ಮಾಡುತ್ತೇವೆ. ಹೀಗೆ ಮಾಡಿದಷ್ಟೂ ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಬಿಡುವ ಇಜಿಆರ್ ವಾಲ್ವಿನಲ್ಲಿ, ಗಾಳಿ ಹೋಗುವ ಮ್ಯಾನಿಫೋಲ್ಡಿನಲ್ಲಿ ಕಾಡಿಗೆ ಕಟ್ಟುತ್ತದೆ, ಎಳೆತ ಕಡಿಮೆಯಾಗುತ್ತದೆ. ಸಾಲಿ-ಸಂತಿಗೆ ಡೀಸೆಲ್ ಸೆಡಾನ್ ಹಿಡಿಯುವುದು ಹಿತ್ತಲಿನ ಮೆಂತ್ಯೆ ಮಡಿ ಕೆದಕಲು ಎಂಟೆತ್ತಿನ ನೇಗಿಲು ಹೂಡಿದಂತೆ.

"ಎಳೆತ ಜಾಸ್ತಿ" ಎಂಬ ಮಾತು ಅರ್ಧ ನಿಜ. ಡಿಸೈರ್ ಡೀಸೆಲ್‌ನ ಟಾರ್ಕ್ 190 ನ್ಯೂಟನ್-ಮೀಟರ್, 1.2 ಲೀಟರ್ ಪೆಟ್ರೋಲ್‌ನದು 113ರ ಆಸುಪಾಸು. ಐದು ಜನ, ಡಿಕ್ಕಿ ತುಂಬ ಸಾಮಾನು ಹೇರಿ ಅರಬೈಲ್ ಘಟ್ಟ ಹತ್ತುವಾಗ ಈ ವ್ಯತ್ಯಾಸ ತಿಳಿಯುತ್ತದೆ. ಆದರೆ ಆ ಘಟ್ಟದ ದಾರಿಯಲ್ಲಿ ಗೋಕರ್ಣಕ್ಕೆ ನಾವು ವರ್ಷಕ್ಕೆ ಎಷ್ಟು ಸಲ ಹೋಗುತ್ತೇವೆ? ದಿನನಿತ್ಯ ಓಡಾಡುವುದು ಎರೆಹೊಲದ ನಡುವಿನ ಸಪಾಟು ರಸ್ತೆಯಲ್ಲಿ. ಕಪ್ಪತಗುಡ್ಡದ ಮಗ್ಗುಲಿನ ಸಣ್ಣ ಏರುಗಳನ್ನು ಬಿಟ್ಟರೆ ಗೇರ್ ಇಳಿಸಬೇಕಾದ ಪ್ರಸಂಗವೇ ಕಡಿಮೆ. ಜೊತೆಗೆ ಆ 190 ಸಿಗುವುದು ಇಂಜಿನ್ 2,000 ಸುತ್ತು ಮುಟ್ಟಿದಾಗ. ಅದಕ್ಕಿಂತ ಕೆಳಗೆ ಟರ್ಬೊ ಎದ್ದಿರುವುದಿಲ್ಲ, ಗಾಡಿ ಮಂಕಾಗಿರುತ್ತದೆ. ಬಜಾರದ ಗದ್ದಲದಲ್ಲಿ, ಆಟೊ-ಚಕ್ಕಡಿಗಳ ಹಿಂದೆ ಎರಡನೇ ಗೇರಿನಲ್ಲಿ ತೆವಳುವಾಗ ಪೆಟ್ರೋಲ್ ಇಂಜಿನ್ನೇ ಮೆತ್ತಗೆ ನಡೆಯುತ್ತದೆ.

ಹಳೆಯ ಡೀಸೆಲ್ ಗಾಡಿಯ ಪೂರ್ವಾಶ್ರಮವನ್ನೂ ಕೇಳಬೇಕು. ಡೀಸೆಲ್ ಗಾಡಿ ಕೊಂಡವರು ಕೊಂಡದ್ದೇ ಹೆಚ್ಚು ಓಡಿಸಲಿಕ್ಕೆ. ಬಾಡಿಗೆ ಹೊಡೆದ ಗಾಡಿಗಳು, ಕಂಪನಿ ಕೆಲಸಕ್ಕೆ ಜಿಲ್ಲೆ ಜಿಲ್ಲೆ ಸುತ್ತಿದ ಗಾಡಿಗಳು ಬೋರ್ಡ್ ಬದಲಿಸಿಕೊಂಡು ಸಂಸಾರದ ಗಾಡಿಯೆಂದು ಮಾರಾಟಕ್ಕೆ ನಿಲ್ಲುತ್ತವೆ. ಮೀಟರ್ 80,000 ತೋರಿಸುತ್ತದೆ. ಚಾಲಕನ ಸೀಟಿನ ಅಂಚು, ಸ್ಟೇರಿಂಗಿನ ಹೊಳಪು, ಕ್ಲಚ್ ಪೆಡಲ್ಲಿನ ಸವೆದ ರಬ್ಬರ್ ಎರಡೂವರೆ ಲಕ್ಷ ಹೇಳುತ್ತವೆ. ದಿಲ್ಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳ ವಿರುದ್ಧ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶ ಕೊಟ್ಟ ಮೇಲೆ, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿ ಮಾಡಿದ ಮೇಲೆ, ಅಲ್ಲಿನ ಗಾಡಿಗಳು ಎನ್‌ಒಸಿ ಹಿಡಿದು ಬೇರೆ ರಾಜ್ಯಗಳಿಗೆ ಬಂದವು. ಆ ಆದೇಶ ದಿಲ್ಲಿ ಸುತ್ತಲಿಗೆಂದು ಕೊಟ್ಟದ್ದು, ಕರ್ನಾಟಕಕ್ಕಲ್ಲ. ಆದರೆ ಅಲ್ಲಿಂದ ಬಂದ ಅಗ್ಗದ ಗಾಡಿಗೆ ಕೆಎ-26 ನಂಬರ್ ಹಾಕಿಸಲು ಇಲ್ಲಿನ ತೆರಿಗೆ ಕಟ್ಟಬೇಕು ಎಂಬುದನ್ನು ಕೊಡುವವರು ಹೇಳುವುದಿಲ್ಲ.

ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಗಟ್ಟಿ ಆಕ್ಷೇಪ ಒಂದಿದೆ, ಅದು ಎಥೆನಾಲ್. 2025ರಿಂದ ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥೆನಾಲ್ ಇದೆ. 2023ರ ಏಪ್ರಿಲ್‌ಗಿಂತ ಮುಂಚಿನ ಗಾಡಿಗಳ ರಬ್ಬರ್ ಪೈಪ್, ಸೀಲುಗಳು ಇದಕ್ಕೆಂದು ತಯಾರಾದವಲ್ಲ. ಮೈಲೇಜ್ ಇಳಿಯುತ್ತದೆ ಎಂಬ ದೂರೂ ಇದೆ. ಈ ಚಿಂತೆ ಸುಳ್ಳಲ್ಲ, ಹಳೆ ಗಾಡಿ ಇಟ್ಟುಕೊಂಡವರಿಗೆ ಬೇರೆ ಪೆಟ್ರೋಲಿನ ಆಯ್ಕೆಯನ್ನೇ ಕೊಡದಿದ್ದುದು ಅನ್ಯಾಯವೇ. ಆದರೂ ಲೆಕ್ಕ ನೋಡಿ. ಮೈಲೇಜಿನಲ್ಲಿ ಆರು ಪರ್ಸೆಂಟ್ ಕಳೆದರೂ 8,000 ಕಿಲೋಮೀಟರಿಗೆ ವರ್ಷಕ್ಕೆ ಸುಮಾರು 3,500 ರೂಪಾಯಿ ಹೆಚ್ಚು. ಪೈಪು, ಸೀಲು, ಗ್ಯಾಸ್ಕೆಟ್ ಬದಲಿಸುವುದು ಊರ ಮಿಸ್ತ್ರಿಯ ಕೈಯಲ್ಲಿ ಆಗುವ ಕೆಲಸ. ಇವೆರಡನ್ನೂ ಕೂಡಿಸಿದರೂ ಇಂಜೆಕ್ಟರ್-ಟರ್ಬೊಗಳ ಬಿಲ್ಲಿನ ಹತ್ತಿರ ಬರುವುದಿಲ್ಲ.

ಇನ್ನು "ಮಾರಾಕ ಹೋದ್ರ ರೇಟ್ ಬರ್ತದ" ಎಂಬ ಮಾತು. ಮಾರುತಿ 2020ರ ಏಪ್ರಿಲ್‌ನಿಂದ ಡೀಸೆಲ್ ಕಾರು ಮಾಡುವುದನ್ನೇ ಬಿಟ್ಟಿತು. ಇಟಿಯೋಸ್ ಅದೇ ವರ್ಷ ನಿಂತಿತು. ಹೊಂಡಾ ಸಿಟಿ, ಹ್ಯುಂಡೈ ವೆರ್ನಾಗಳ ಡೀಸೆಲ್ 2023ಕ್ಕೆ ಮುಗಿಯಿತು. ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮಕ್ಕೆ ಸಣ್ಣ ಡೀಸೆಲ್ ಇಂಜಿನ್ ಹೊಂದಿಸುವುದು ಲಾಭವಲ್ಲ ಎಂದು ಅದನ್ನು ಲಕ್ಷಗಟ್ಟಲೆ ಮಾರಿದ ಕಂಪನಿಗಳೇ ಕೈಬಿಟ್ಟಿವೆ. ಮುಂದಿನ ಐದು ವರ್ಷದಲ್ಲಿ ಈ ಇಂಜಿನ್ ಬಲ್ಲ ಮಿಸ್ತ್ರಿಗಳು, ಸಿಗುವ ಸಾಮಾನು, ಕೊಳ್ಳುವ ಜನ ಮೂರೂ ಕಡಿಮೆಯಾಗುತ್ತವೆ. ಇಂದಿನ ದರ ನೋಡಿ ನಾಳೆಯ ದರ ನಂಬಿ ಕೂರುವುದು ವ್ಯವಹಾರವಲ್ಲ.

ಹಣದ ಮಾತು ಬದಿಗಿಟ್ಟರೂ ಒಂದು ಮಾತು ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರ ಜೂನ್‌ನಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿತು. ಬಿಎಸ್-3, ಬಿಎಸ್-4 ಕಾಲದ ಸಣ್ಣ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಸಾಮಾನ್ಯವಾಗಿ ಇರುವುದಿಲ್ಲ. ಬೆಟಗೇರಿಯ ಓಣಿಗಳು ಇಕ್ಕಟ್ಟು, ಮನೆಗಳ ಬಾಗಿಲುಗಳು ರಸ್ತೆಗೇ ತೆರೆಯುತ್ತವೆ. ಬೆಳಿಗ್ಗೆ ಗಾಡಿ ಬಿಸಿಯಾಗಲೆಂದು ಐದು ನಿಮಿಷ ಸ್ಟಾರ್ಟ್ ಮಾಡಿ ಬಿಟ್ಟರೆ ಆ ಹೊಗೆ ಎದುರಿನ ಮನೆಯ ಕೂಸಿನ ಎದೆಗೆ ಇಳಿಯುತ್ತದೆ. ಪೆಟ್ರೋಲ್ ಹೊಗೆ ಶುದ್ಧ ಎಂದು ನಾನು ಹೇಳುವುದಿಲ್ಲ. ಅದರಲ್ಲಿ ಈ ಮಸಿ ಬಹಳ ಕಡಿಮೆ ಎಂಬುದು ನಿಜ.

ಹಾಗಾದರೆ ಹಳೆಯ ಡೀಸೆಲ್ ಯಾರಿಗೆ? ದಿನಾ ಹುಬ್ಬಳ್ಳಿಗೆ ಹೋಗಿಬರುವ ವ್ಯಾಪಾರಿಗೆ, ಬಾಡಿಗೆ ಹೊಡೆಯುವವನಿಗೆ, ತಿಂಗಳಿಗೆ 2,000 ಕಿಲೋಮೀಟರ್ ದಾಟುವವರಿಗೆ. ಅವರಿಗೆ ಅದೇ ಲೆಕ್ಕದಲ್ಲಿ ವರ್ಷಕ್ಕೆ 50,000 ರೂಪಾಯಿ ಉಳಿಯುತ್ತದೆ, ಒಂದು ದೊಡ್ಡ ರಿಪೇರಿ ಬಂದರೂ ತಡೆದೀತು. ಅವರಿಗೆ ಹೊಂದುವ ಮಾತನ್ನು ಎಲ್ಲರ ಮನೆಗೂ ಹೊಂದಿಸಿದ್ದೇ ನಮ್ಮ ಭಾಗದ ತಪ್ಪು. ತಿಂಗಳಿಗೆ 1,500 ಕಿಲೋಮೀಟರ್ ಮುಟ್ಟದವರು ಈ ಸಲಹೆಗೆ ಕಿವಿಗೊಡಬೇಕಿಲ್ಲ.

ಕೊಳ್ಳುವವರು ಮೊದಲು ಮಾಡಬೇಕಾದದ್ದು ಇಷ್ಟೇ. ಒಂದು ತಿಂಗಳ ಓಡಾಟವನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. ಆಮೇಲೆ ಒಬ್ಬರೇ ಮಾಲೀಕರ ಕೈಯಲ್ಲಿದ್ದ, ಸರ್ವಿಸ್ ಚೀಟಿ ಇರುವ ಪೆಟ್ರೋಲ್ ಸೆಡಾನ್ ಹುಡುಕಿ. ಇಂಜಿನ್ ಪೂರ್ತಿ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಸ್ವಲ್ಪ ಹೊತ್ತು ಐಡ್ಲಿಂಗ್‌ನಲ್ಲಿ ಬಿಟ್ಟು ಎಕ್ಸಿಲರೇಟರ್ ಒತ್ತಿಸಿ, ನೀಲಿ ಹೊಗೆ ಬಂದರೆ ಬಿಟ್ಟು ಎದ್ದುಬನ್ನಿ. ಪ್ಲಗ್ ಬಿಚ್ಚಿಸಿ ನೋಡಿ, ಎಣ್ಣೆ ಹತ್ತಿದ್ದರೆ ಬೇಡ. ಬಿಸಿಯಾದಾಗ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗುತ್ತದೆಯೇ ನೋಡಿ. ಇಷ್ಟು ಸರಿಯಿದ್ದರೆ ಡೀಸೆಲ್ ಗಾಡಿಗೆ ಹೆಚ್ಚು ಕೊಡಬೇಕಿದ್ದ ಹಣವನ್ನು ಬ್ಯಾಂಕಿನಲ್ಲಿಡಿ. ಟೈರು, ಬ್ಯಾಟರಿ, ಬ್ರೇಕು, ಇನ್ಶೂರೆನ್ಸಿಗೆ ಅದೇ ಆಗುತ್ತದೆ. ಬೀಗರು ಬೇಸರ ಮಾಡಿಕೊಂಡರೂ ಸರಿ, ಗಾಡಿಯನ್ನು ಸಾಕಬೇಕಾದವರು ನೀವು. ನಿಮ್ಮ ಓಡಾಟದ ಲೆಕ್ಕ ಪೆಟ್ರೋಲ್ ಎಂದರೆ ಪೆಟ್ರೋಲ್ ಗಾಡಿಯನ್ನೇ ತನ್ನಿ.